ಸಂಜೆ ಕಬಡ್ಡಿಗೆ ಒಂದು ಕ್ಯಾಮೆರಾ

ಬೇಗ ತೀರ್ಮಾನ ಮಾಡುವ ಗುಣ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಛತ್ರಿ ಕೊಳ್ಳಬೇಕೆಂದರೂ ಮಳೆಗಾಲ ಮುಗಿಯುವವರೆಗೆ ಯೋಚಿಸುವ ಆಸಾಮಿ ನಾನು. ಇಂಥವನಿಗೆ, ಮಬ್ಬು ಬೆಳಕಿನಲ್ಲಿ ಓಡಾಡುವವರನ್ನು ಹಿಡಿಯಬಲ್ಲ ಕ್ಯಾಮೆರಾ ಆರಿಸುವ ಕೆಲಸ ಬಿದ್ದರೆ ಕೇಳಬೇಕೆ? ಒಂಬತ್ತು ತಿಂಗಳು ಹಿಡಿಯಿತು. "ಅಷ್ಟರಲ್ಲಿ ಮಗೂನೇ ಹೆತ್ತುಬಿಡಬಹುದಿತ್ತು ಕಣ್ರೀ," ಎಂದು ನನ್ನ ಹೆಂಡತಿ ಅಕ್ಕಪಕ್ಕದವರ ಮುಂದೆಯೇ ಅಂದಳು.

ನಾನು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಮೇಷ್ಟ್ರು. ನನಗೆ ಪಿರಿಯಡ್ಡುಗಳು ಕಡಿಮೆ, ಆದ್ದರಿಂದ ಶಾಲೆಯಲ್ಲಿ ಯಾರಿಗೂ ಸೇರದ ಕೆಲಸಗಳೆಲ್ಲ ನನಗೆ ಸೇರುತ್ತವೆ. ಕಬಡ್ಡಿ ಪಂದ್ಯದ ಫೋಟೊ ತೆಗೆಯುವುದೂ ಅದರಲ್ಲೊಂದು. ಪ್ರತಿವರ್ಷ ಸುತ್ತಲ ಶಾಲೆಗಳ ಟೂರ್ನಮೆಂಟು ನಡೆಯುವುದು ನಮ್ಮ ಮೈದಾನದಲ್ಲೇ. ಬೆಳಿಗ್ಗೆ ಉದ್ಘಾಟನೆ, ಭಾಷಣ, ಭಾಷಣ ಮಾಡಿದವರಿಗೆ ಊಟ, ಆಮೇಲೆ ಗಂಡುಹುಡುಗರ ಪಂದ್ಯಗಳು. ಹೆಣ್ಣುಮಕ್ಕಳ ಫೈನಲ್ ಶುರುವಾಗುವ ಹೊತ್ತಿಗೆ ಸೂರ್ಯ ಕಾಡಿನ ಕಡೆ ಇಳಿದಿರುತ್ತಾನೆ. ಮೈದಾನದ ಒಂದು ಮೂಲೆಯಲ್ಲಿ ಕಂಬದ ಲೈಟು, ಇನ್ನೊಂದು ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿದ ಟ್ರ್ಯಾಕ್ಟರಿನ ಹೆಡ್‌ಲೈಟು. ಈ ಬೆಳಕಿನಲ್ಲಿ ನನ್ನ ಹಳೆಯ ಕ್ಯಾಮೆರಾ ರೆಫರಿಯ ಹೊಟ್ಟೆ, ನೀರಿನ ಕೊಡ, ಹಿಂದಿನ ಬೇವಿನ ಮರ, ಹೀಗೆ ಅಲ್ಲಾಡದ ವಸ್ತುಗಳನ್ನೆಲ್ಲ ಬಲು ಚೆನ್ನಾಗಿ ತೆಗೆಯುತ್ತಿತ್ತು. ಆಡುವವರು ಮಾತ್ರ ಬರೀ ಹೊಗೆ.

ಇದು ತಲೆನೋವಾಗಿದ್ದು ಸಿಂಚನಳಿಂದ. ಅವಳು ನಮ್ಮ ಹೆಣ್ಣುಮಕ್ಕಳ ತಂಡದ ಕ್ಯಾಪ್ಟನ್. ರೈಡಿಗೆ ಹೊರಟಳೆಂದರೆ ಎದುರಿನವರು ಮನೆದೇವರನ್ನು ನೆನೆಯಬೇಕು. ಗೆದ್ದ ತಂಡದ ಫ್ಲೆಕ್ಸನ್ನು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಕಟ್ಟುವುದು ನಮ್ಮಲ್ಲಿ ಪದ್ಧತಿ. ಕಳೆದ ವರ್ಷ, ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅವಳ ರೈಡಿನ ಫೋಟೊವನ್ನೇ ಹಾಕಿಸಿದ್ದೆವು. ಸುತ್ತ ಶುಭ ಕೋರುವವರ ಹದಿನಾಲ್ಕು ಮುಖಗಳು, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ನಡುವೆ ಸಿಂಚನ, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ಎರಡು ದಿನ ಬಿಟ್ಟು ಅವಳು ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಸಾರ್, ನಮ್ಮಜ್ಜೀನ ಬಸ್ಸಲ್ಲಿ ಕರ್ಕೊಂಡ್ ಬಂದು ತೋರಿಸ್ದೆ. ನೀನೆಲ್ಲಿದ್ದೀಯೇ ಅಂತು. ಇದೇ ನಾನು ಅಂದ್ರೆ ನಂಬ್ನೇ ಇಲ್ಲ. ಮುಂದಿನ್ ಸಲನಾದ್ರೂ ಮುಖ ಕಾಣೋ ಅಂಗೆ ತೆಗೀರಿ ಸಾರ್. ಅದಾದ್ಮೇಲೆ ನಾನು ಈ ಸ್ಕೂಲಲ್ಲಿ ಇರಕಿಲ್ಲ." ನನಗೆ ನಾಚಿಕೆಯಾಯಿತು. ಹೊಸ ಕ್ಯಾಮೆರಾ ತಂದಾದರೂ ತೆಗೆಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟ ಮೇಲೆ ಸಲಹೆಗಳು ಶುರುವಾದವು. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಹಳೆಯ ಸ್ನೇಹಿತ ನಂಜುಂಡಸ್ವಾಮಿ, "ಕ್ಯಾಮೆರಾ ಬಾಡಿ ಯಾವ್ದಾದ್ರೂ ಆಗ್ಲಿ ಬುಡು ಮೇಷ್ಟ್ರೇ, ದುಡ್ಡು ಲೆನ್ಸಿಗೆ ಹಾಕು. ದೊಡ್ಡ ಬಾಯಿ ಲೆನ್ಸ್ ಇದ್ರೆ ಬೆಳಕು ತಾನಾಗೇ ಒಳಕ್ ಬತ್ತದೆ," ಎಂದ. ನನಗೆ ಸರಿಯೆನಿಸಿತು. ಕೆ.ಆರ್. ನಗರದ ನನ್ನ ಭಾಮೈದ ಫೋನಿನಲ್ಲಿ, "ಲೆನ್ಸಲ್ಲಿ ಏನೈತೆ ಭಾವ? ಒಳಗಿನ ಸೆನ್ಸರ್ ದೊಡ್ಡದಿರಬೇಕು. ಬೆಳಕು ಹೀರೋ ಶಕ್ತಿ, ಐಎಸ್‌ಒ ಅಂತಾರಲ್ಲ, ಅದನ್ನ ಎಷ್ಟು ಏರಿಸಿದ್ರೂ ಫೋಟೊ ರವೆ ಉದುರಿಸ್ದಂಗೆ ಬರಬಾರ್ದು," ಎಂದ. ಅದೂ ಸರಿಯೆನಿಸಿತು. ಇಬ್ಬರೂ ಸರಿಯಾದರೆ ನನ್ನಂಥವನ ಗತಿಯೇನು? ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದೆ. ಅದರಲ್ಲಿ ಕ್ಯಾಮೆರಾ ಪರೀಕ್ಷೆ ಮಾಡುವವರು "ಇಲ್ಲಿ ಬಹಳ ಕತ್ತಲು" ಎಂದು ಹೇಳಿಕೊಂಡು ದೊಡ್ಡ ಸ್ಟೇಡಿಯಮ್ಮಿನಲ್ಲಿ ನಿಂತಿರುತ್ತಾರೆ. ಅವರ ಕತ್ತಲು ನಮ್ಮ ಮೋಡದ ದಿನಕ್ಕಿಂತ ಬೆಳ್ಳಗಿತ್ತು.

"ಫ್ಲಾಶ್ ಹಾಕಿದ್ರೆ ಮುಗೀತಲ್ಲ, ಇಷ್ಟೊಂದು ರಾಮಾಯಣ ಯಾಕೆ?" ಎಂದಳು ಹೆಂಡತಿ. ಅದನ್ನು ಹಿಂದೆ ಕಂಪಲಾಪುರದ ಒಂದು ಪಂದ್ಯದಲ್ಲಿ ಮಾಡಿ ನೋಡಿದ್ದೇನೆ. ರೈಡರು ಮಧ್ಯದ ಗೆರೆಗೆ ಹಿಂತಿರುಗುವ ಹೊತ್ತಿಗೆ ಫ್ಲಾಶ್ ಹೊಡೆಯಿತು. ಪಾಪ, ಕಣ್ಣು ಕತ್ತಲಿಟ್ಟು, ದಿಕ್ಕು ತಪ್ಪಿ, ಎದುರು ತಂಡದವರ ನಡುವೆ ಹೋಗಿ ಕೂತುಬಿಟ್ಟ. ಅಲ್ಲಿಯವರೆಗೆ ಕೊರಳಪಟ್ಟಿ ಹಿಡಿದು ಜಗಳವಾಡುತ್ತಿದ್ದ ಎರಡೂ ತಂಡಗಳು ಒಂದಾಗಿ ನನ್ನ ಕಡೆ ಬಂದವು. "ಏನ್ ಮೇಷ್ಟ್ರೇ, ಮದುವೆ ಮನೆ ಅನ್ಕೊಂಡ್ರಾ?" ಎಂದು ಒಬ್ಬ ಕೇಳಿದ. ನಾನು ಬೈಕು ಹತ್ತಿ ಹುಣಸೂರು ರಸ್ತೆ ಹಿಡಿದವನು ಹಿಂತಿರುಗಿ ನೋಡಲಿಲ್ಲ.

ಕೊನೆಗೆ ಟೂರ್ನಮೆಂಟಿಗೆ ಹತ್ತು ದಿನ ಇರುವಾಗ ನಂಜುಂಡಸ್ವಾಮಿಯೇ ರೇಗಿದ. "ಲೇ, ನೀನು ಯೋಚ್ನೆ ಮಾಡ್ತಾ ಇದ್ರೆ ಆ ಹುಡುಗಿ ಮೊಮ್ಮಕ್ಳು ಕಬಡ್ಡಿ ಆಡ್ತವೆ ಕಣ್ಲಾ," ಎಂದು ತಾನು ಬಳಸುತ್ತಿದ್ದ ಕ್ಯಾಮೆರಾ ಒಂದನ್ನೂ ದೊಡ್ಡ ಬಾಯಿಯ ಲೆನ್ಸನ್ನೂ ಚೀಲಕ್ಕೆ ತುಂಬಿ ನನ್ನ ಹೆಗಲಿಗೆ ನೇತುಹಾಕಿದ. ಹತ್ತು ದಿನವೂ ಸಂಜೆ ಹೊತ್ತು ಹಿತ್ತಲಿನಲ್ಲಿ ಪಕ್ಕದ ಮನೆಯ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಅಭ್ಯಾಸ ಮಾಡಿದೆ. ಓಡುವ ಕೋಳಿಯ ಒಂದೊಂದು ಪುಕ್ಕವೂ ಬಿಡಿಬಿಡಿಯಾಗಿ ಬಂತು. ಅಷ್ಟು ಸಂತೋಷ ನನಗೆ ಕೆಲಸ ಪರ್ಮನೆಂಟ್ ಆದಾಗಲೂ ಆಗಿರಲಿಲ್ಲ.

ಫೈನಲ್ ದಿನ ಎಂದಿನಂತೆ ಹೊತ್ತು ಮುಳುಗಿದ ಮೇಲೆ ನಮ್ಮ ಹೆಣ್ಣುಮಕ್ಕಳು ಅಂಕಣಕ್ಕಿಳಿದರು. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಅಂಕ ಸಮ. ಸಿಂಚನ ರೈಡಿಗೆ ಹೋದಳು. ಅಂಚಿನಲ್ಲಿ ನಿಂತಿದ್ದವಳ ಕಡೆಗೆ ಕೈ ಚಾಚಿ ಸರ್ರನೆ ಬಾಗಿದಳು. ನಾನು ಒತ್ತಿದೆ. ರೆಫರಿ ಸೀಟಿ ಊದಿದರು. ಅವಳ ಕಾಲು ಪಕ್ಕದ ಗೆರೆ ದಾಟಿತ್ತಂತೆ, ಔಟ್. ಒಂದೇ ಒಂದು ಅಂಕದಿಂದ ಸೋತೆವು. ಸೋತವರಿಗೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ.

ಆದರೂ ಫೋಟೊ ನೋಡಿಕೊಂಡರೆ, ಅಯ್ಯೋ, ಎಂಥ ಫೋಟೊ! ಹಣೆಯ ಬೆವರು, ಹಾರುವ ಜಡೆ, ಕಬಡ್ಡಿ ಎನ್ನುತ್ತಿರುವ ತುಟಿ, ಎಲ್ಲ ಬಂದಿತ್ತು. ಕಚೇರಿಯ ಮೆಟ್ಟಿಲ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಸಿಂಚನಳಿಗೆ ತೋರಿಸಿದೆ. ಫ್ಲೆಕ್ಸ್ ಇಲ್ಲದಿದ್ದರೇನು, ದೊಡ್ಡದಾಗಿ ಪ್ರಿಂಟು ಹಾಕಿಸಿ ನಾನೇ ಅಜ್ಜಿಗೆ ತಂದುಕೊಡುತ್ತೇನೆ ಎಂದೆ. ಅವಳು ಕಣ್ಣೊರೆಸಿಕೊಂಡು ನೋಡಿದಳು. ಅವಳು ನೋಡಿದ್ದು ಮುಖವನ್ನಲ್ಲ. ಬೆರಳಿನಿಂದ ಚಿತ್ರದ ಕೆಳಗಿನ ಮೂಲೆಯನ್ನು ಮುಟ್ಟಿದಳು.

"ಗೆರೆ ಇಲ್ಲಿತ್ತಾ ಸಾರ್?"

ಸುಣ್ಣದ ಗೆರೆ. ಬೆಳಗಿನಿಂದ ಹುಡುಗರು ತುಳಿದು ಅಳಿಸಿದ್ದರೂ ಫೋಟೊದಲ್ಲಿ ತೆಳ್ಳಗೆ ಕಾಣುತ್ತಿತ್ತು.

"ನಿಮ್ ಕ್ಯಾಮೆರಾಗೆ ಕಾಣ್ತದೆ, ನಮ್ಗೆ ಕಾಣಾಕಿಲ್ಲ ಸಾರ್. ಮೂರು ವರ್ಷದಿಂದ ಅಂದಾಜ್ ಮೇಲೇ ಆಡ್ತಿದ್ದೀವಿ. ಬೆಳಕಿರೋವಾಗೆಲ್ಲ ಹುಡುಗ್ರದ್ದೇ ಪಂದ್ಯ. ನಮ್ದು ಯಾವಾಗ್ಲೂ ಕೊನೇಗೇ ಅಂತ ಟೈಮ್‌ಟೇಬಲ್ ಬರೆಯೋರು ಯಾರು ಸಾರ್?"

ಅವಳ ಬೆನ್ನ ಹಿಂದಿನ ಗೋಡೆಗೇ ಆ ದಿನದ ವೇಳಾಪಟ್ಟಿ, ಕೆಳಗೆ ಬರೆದವರ ಸಹಿಯ ಸಮೇತ, ಅಂಟಿಸಿತ್ತು. ನಾನು ಮೆಲ್ಲಗೆ ಅದಕ್ಕೆ ಅಡ್ಡವಾಗಿ ಹೋಗಿ ನಿಂತು, "ಅದೆಲ್ಲ ಸಮಿತಿಯವರದ್ದು ಕಣಮ್ಮ, ಹೇಳಿ ನೋಡ್ತೀನಿ," ಎಂದೆ. ಸಮಿತಿಯಲ್ಲಿ ವೇಳಾಪಟ್ಟಿ ಬರೆಯುವವನು ಏಳು ವರ್ಷದಿಂದ ನಾನೊಬ್ಬನೇ.