ಬಿಳಿ ಅಂಗಿಯ ಮೇಲೊಂದು ಕೆಂಪು ಪಟ್ಟೆ

ನಾನು ಜಿಪುಣನಲ್ಲ. ಆದರೆ ಒಮ್ಮೆಯೂ ಉಪಯೋಗಕ್ಕೆ ಬಾರದಿರಲಪ್ಪಾ ಎಂದು ಬೇಡಿಕೊಳ್ಳಬೇಕಾದ ವಸ್ತುವಿಗೆ ದುಡ್ಡು ಸುರಿಯುವುದೆಂದರೆ ನನ್ನ ಹೊಟ್ಟೆ ಉರಿಯುತ್ತದೆ. ಕಾರಿನ ಏರ್‌ಬ್ಯಾಗ್ ಅಂಥದ್ದು. ನಮ್ಮ ಹಳೆಯ ಕಾರಿನಲ್ಲಿ ಅದಿರಲಿಲ್ಲ. ಅದಿಲ್ಲದೆಯೇ ವರ್ಷಗಟ್ಟಲೆ ಹೊಸಪೇಟೆಯಿಂದ ಸಂಡೂರಿಗೆ ಓಡಾಡಿದ್ದೆವು. ನಾನು ಸಂಡೂರಿನಲ್ಲಿ ಕಾಲೇಜು ಮೇಷ್ಟ್ರು. ಹೆಂಡತಿ ಸುಮಂಗಲಾ ಅಲ್ಲೇ ಹತ್ತಿರದ ಯಶವಂತನಗರದಲ್ಲಿ ಶಾಲಾ ಶಿಕ್ಷಕಿ.

ಅದು ಅದಿರಿನ ಭರಾಟೆಯ ಕಾಲ. ಲಾರಿಯ ಹಿಂದೆ ಲಾರಿ. ಕೆಂಪು ಧೂಳಿನಲ್ಲಿ ಮುಂದೊಂದು ಲಾರಿ ಇದೆ ಎಂಬುದು ಅದು ಬ್ರೇಕ್ ಹಾಕಿದಾಗಲೇ ತಿಳಿಯುತ್ತಿತ್ತು. ಸುಮಂಗಲಾ ದಾರಿಯುದ್ದಕ್ಕೂ ತನ್ನ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾ ಕೂರುತ್ತಿದ್ದಳು. ಒಂದು ದಿನ ಹೇಳಿಯೇಬಿಟ್ಟಳು: "ರೀ, ಏರ್‌ಬ್ಯಾಗು, ಎಬಿಎಸ್ಸು ಇರೋ ಕಾರು ತಗೊಳ್ರಿ. ಇಲ್ಲಾಂದ್ರ ನಾಳಿಂದ ನಾ ಬಸ್ಸಿಗೆ ಹೋಗ್ತೀನಿ. ಇಬ್ರಾಗ ಒಬ್ರಾದ್ರೂ ಉಳೀಬೇಕಲ್ಲ!"

ನನ್ನ ಪರ ನಿಲ್ಲುತ್ತಾರೆಂಬ ಆಸೆಯಿಂದ ಮೆಕ್ಯಾನಿಕ್ ಖಾಜಾಸಾಬರ ಬಳಿ ಓಡಿದೆ. "ಆ ಚೀಲ ಒಂದ್ಸಲ ಉಬ್ಬಿದ್ರ ಮುಗೀತ್ರಿ ಸರ್, ಮತ್ತ ಹೊಸಾದೇ ಹಾಕಸ್ಬೇಕು" ಎಂದರು. "ನೋಡಿದ್ರಾ, ದಂಡ ಅಲ್ಲೇನು?" ಎಂದು ಹಿಗ್ಗಿದೆ. ಅವರು ನನ್ನ ತಲೆಯನ್ನೊಮ್ಮೆ ನೋಡಿ, "ತಲಿ ಮಾತ್ರ ಹೊಸಾದು ಸಿಗಂಗಿಲ್ರಿ" ಎಂದರು. ಕಾರು ಬಂತು.

ಇನ್ನು ನನ್ನ ತಪ್ಪೊಪ್ಪಿಗೆ. ನಮ್ಮ ಕಡೆ ಸೀಟ್ ಬೆಲ್ಟ್ ಹಾಕುವವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಅದಿರಿನ ಧೂಳು ಕುಡಿದ ಬೆಲ್ಟು ಹೆಗಲಿನಿಂದ ಸೊಂಟದವರೆಗೆ ಒಂದು ಕೆಂಪು ಪಟ್ಟೆ ಎಳೆದುಬಿಡುತ್ತಿತ್ತು. ನಾನೋ ಬಿಳಿ ಅಂಗಿಯ ಮನುಷ್ಯ. ಹಳೆಯ ಕಾರಿನ ಕಾಲದಲ್ಲಿ ಒಮ್ಮೆ ಆ ಪಟ್ಟೆಯೊಂದಿಗೆ ತರಗತಿಗೆ ಹೋದಾಗ ಹಿಂದಿನ ಬೆಂಚಿನವರು, "ಸರ್, ಸನ್ಮಾನ ಎಲ್ಲಿ ಆತ್ರಿ?" ಎಂದು ಕೇಳಿದ್ದರು. ಅಂದೇ ಬೆಲ್ಟು ಬಿಟ್ಟೆ. ಹೊಸ ಕಾರು ಬೆಲ್ಟ್ ಹಾಕದಿದ್ದರೆ ಕುಂಯ್‌ಗುಡುತ್ತಿತ್ತು. ಬೆಲ್ಟನ್ನು ಬೆನ್ನ ಹಿಂದೆ ಎಳೆದು ಸಿಕ್ಕಿಸಿ ಅದರ ಬಾಯಿ ಮುಚ್ಚಿಸಿದೆ. ಸುಮಂಗಲಾ ಬೈದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ವಾರ, ಸಂಡೂರು ಸಮೀಪಿಸುತ್ತಿದ್ದಾಗ, ಮುಂದಿನ ಲಾರಿ ಗಕ್ಕನೆ ನಿಂತಿತು. ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದೆ. ಎಬಿಎಸ್ಸಿನ ಬ್ರೇಕು, ಚಕ್ರ ಕಚ್ಚಿಕೊಂಡು ಜಾರಲು ಬಿಡದೆ, ಕಾಲಡಿ ಗಡಗಡ ನಡುಗಿತು. ಹಳೆಯ ಕಾರಾಗಿದ್ದರೆ ಜಾರಿ ಲಾರಿಯ ಕೆಳಗೇ ಹೋಗುತ್ತಿದ್ದೆವು. ಇದು ಒಂದು ಮೊಳ ಬಿಟ್ಟು ನಿಂತಿತು. ಚೀಲ ಉಬ್ಬಲಿಲ್ಲ, ಕಾರು ಯಾವುದಕ್ಕೂ ಗುದ್ದಿರಲಿಲ್ಲವಲ್ಲ! ಗುದ್ದಿದ್ದು ನನ್ನ ಹಣೆ, ಸ್ಟೇರಿಂಗಿಗೆ. ಜೀವ ಬಾಯಿಗೆ ಬಂದು ಪಕ್ಕಕ್ಕೆ ತಿರುಗಿದೆ. ಸುಮಂಗಲಾ ಕೂತಲ್ಲೇ ಕೂತಿದ್ದಳು. ಹಳದಿ ಸೀರೆಯ ಮೇಲೆ ಕೆಂಪು ಪಟ್ಟೆ, ಕೂದಲೂ ಕೊಂಕಿರಲಿಲ್ಲ. ಆ ಗಳಿಗೆಯಲ್ಲಿ ಯಾರಾದರೂ ಕೇಳಿದ್ದರೆ ಇನ್ನೊಂದು ಕಾರನ್ನೂ ಕೊಂಡುಬಿಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಹಣೆಯ ನೋವು ಎಂದೆ.

"ಕಾರಿನ ದುಡ್ಡು ಇವತ್ತ ಬಂತು ಬಿಡ್ರಿ" ಎಂದು ಅವಳು ನನ್ನ ಬುಗುಟೆಗೆ ನೀರಿನ ಬಾಟಲಿ ಒತ್ತಿದಳು. ಆಮೇಲೆ ಮೆತ್ತಗೆ, "ಬೆಲ್ಟು ಹಳೇ ಕಾರಿನ್ಯಾಗೂ ಇತ್ತಲ್ಲ?" ಎಂದಳು. ನಾನು ಬೆನ್ನ ಹಿಂದಿನ ಬೆಲ್ಟನ್ನು ಬಿಚ್ಚಿ ಎದೆಯ ಮೇಲೆ ಎಳೆದು ಸಿಕ್ಕಿಸಿದೆ.

ಅಂದು ಸಂಜೆಯೇ ನನಗೆ ಇಟ್ಟಿಗೆ ಬಣ್ಣದ ನಾಲ್ಕು ಅಂಗಿ ಕೊಡಿಸಿದಳು. ಮರುದಿನದಿಂದ ತಪ್ಪದೆ ಬೆಲ್ಟು ಹಾಕತೊಡಗಿದೆ, ಪಟ್ಟೆ ಕಾಣುತ್ತಲೇ ಇರಲಿಲ್ಲ. ಒಂದು ದಿನ ತರಗತಿಯಲ್ಲಿ ಬೆಲ್ಟಿನ ಮಹತ್ವದ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದೆ. ಹಿಂದಿನ ಬೆಂಚಿನವರು ನನ್ನ ಎದೆಯನ್ನೇ ದಿಟ್ಟಿಸಿ ನೋಡಿ ಕೇಳಿದರು: "ಹೌದ್ರಿ ಸರ್, ಮತ್ತ ನೀವ್ಯಾಕ ಹಾಕ್ಕೊಳ್ಳಂಗಿಲ್ಲ?"