ಮಹದೇವು ಕೊಂಡ ಹದಿನಾಲ್ಕು ಮಹಡಿ

ಮಹದೇವುವಿನ ಫಜೀತಿಗೆಲ್ಲ ಮೂಲ, ಅವನ ಹೆಂಡತಿ ಅನು ಬೆಳಗ್ಗೆ ರಂಗೋಲಿ ಬಿಡುತ್ತಾ ಪಕ್ಕದ ಮನೆಯ ನಾಗಮಣಿಗೆ ಹೇಳಿದ ಒಂದೇ ಮಾತು: "ನಮ್ಮೋರೂ ಪ್ರಾಪರ್ಟಿ ಮಾಡ್ಬುಟ್ರು ಕಣ್ರೀ. ಬೆಂಗಳೂರಲ್ಲಿ, ಹದಿನಾಲ್ಕು ಮಹಡಿದು!"

ನಡೆದದ್ದು ಇಷ್ಟೇ. ಮಂಡಿ ಮೊಹಲ್ಲಾದ ಪೇಂಟ್ ಅಂಗಡಿಯಲ್ಲಿ ಅವನ ಜೊತೆ ಕೆಲಸ ಮಾಡುವ ಪುನೀತ್, "ಅಣ್ಣ, ಎಫ್‌ಡಿ ಐತೆ, ಚಿನ್ನ ಐತೆ, ಮ್ಯೂಚುವಲ್ ಫಂಡ್ ಐತೆ. ಪ್ರಾಪರ್ಟಿ ಫಂಡೂ ಒಂದು ಸೇರಿಸ್ಬುಡಿ" ಎಂದು ಹದಿನೈದು ಸಾವಿರ ಹಾಕಿಸಿದ್ದ. ಸಾವಿರಾರು ಜನರ ದುಡ್ಡು ಕೂಡಿಸಿ ದೊಡ್ಡ ದೊಡ್ಡ ಆಫೀಸು ಕಟ್ಟಡ ಕೊಳ್ಳುವುದು, ಬಂದ ಬಾಡಿಗೆಯನ್ನು ಎಲ್ಲರಿಗೂ ಹಂಚುವುದು. ಮಹದೇವುವಿಗೆ ಅರ್ಧ ಅರ್ಥವಾಗಿತ್ತು. ಆ ಅರ್ಧದಲ್ಲಿ ಅರ್ಧವನ್ನು, ಫಂಡಿನವರ ಹದಿನಾಲ್ಕು ಮಹಡಿ ಕಟ್ಟಡವೊಂದರ ಫೋಟೊ ತೋರಿಸಿ, ಅನುಗೆ ಹೇಳಿದ್ದ.

ಅವನು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ನಾಗಮಣಿ ಹಾಜರು. "ನಿಮ್ಮ ಬಿಲ್ಡಿಂಗಲ್ಲಿ ಕೆಳಗಡೆ ಒಂದು ಅಂಗಡಿ ನಮ್ಮ ತಂಗಿ ಗಂಡನಿಗೆ ಕೊಡಿ. ಜೆರಾಕ್ಸ್ ಇಡ್ತಾರೆ."

"ಅದು ನಮ್ದಲ್ಲ ಕಣ್ರಮ್ಮ."

"ಮತ್ತೆ ಯಾರದು?"

"ನಮ್ದೇ. ಅಂದ್ರೆ... ಎಲ್ಲಾರ್ದೂ."

"ಕೊಡಕ್ಕೆ ಮನಸ್ಸಿಲ್ಲಾಂದ್ರೆ ಇಲ್ಲ ಅನ್ನಿ" ಎಂದು ಆಕೆ ಮೂತಿ ತಿರುವಿ ಹೋದರು.

ಗೇಟಿನ ಹತ್ತಿರ ಎದುರುಮನೆ ವಸಂತಮ್ಮ ತಡೆದರು. "ಬಾಗ್ಲು ಯಾವ ದಿಕ್ಕಿಗಪ್ಪಾ? ವಾಸ್ತು ನೋಡಿಸ್ದಾ?"

ಮಹದೇವುವಿಗೂ ಅನುಮಾನ ಹತ್ತಿತು. ಅಲ್ಲೇ ನಿಂತು ಪುನೀತನಿಗೆ ಫೋನ್ ಮಾಡಿದ. "ನಮ್ ಬಿಲ್ಡಿಂಗು ಯಾವ ದಿಕ್ಕಿಗೈತಪ್ಪ?"

"ಯಾವುದ್ ಅಣ್ಣ? ಎಂಟು ಬಿಲ್ಡಿಂಗ್ ಐತೆ!"

ಪುನೀತನ ಗಂಟಲು ದೊಡ್ಡದು, ವಸಂತಮ್ಮನ ಕಿವಿ ಚುರುಕು. ಸಂಜೆಯೊಳಗೆ ಜಯಲಕ್ಷ್ಮಿಪುರಂನ ಆ ಬೀದಿಯಲ್ಲಿ ಮಹದೇವು ಎಂಟು ಕಟ್ಟಡದ ಒಡೆಯನಾಗಿದ್ದ. ಕತ್ತಲಾಗುವ ಮುಂಚೆ ಮನೆ ಓನರ್ ರಾಮಸ್ವಾಮಿ ಬಂದು ಕುರ್ಚಿ ಎಳೆದು ಕೂತರು.

"ಏನ್ರೀ ಮಹದೇವು, ಪಾಪ ಅಂತ ಆರು ವರ್ಷದಿಂದ ಬಾಡಿಗೆ ಏರಿಸಿಲ್ಲ ನಾನು. ನೀವು ನೋಡಿದ್ರೆ ಎಂಟು ಬಿಲ್ಡಿಂಗ್ ಇಟ್ಕೊಂಡಿದೀರಿ! ಮುಂದಿನ ತಿಂಗಳಿಂದ ಡಬಲ್ ಕೊಡಿ."

ಮಹದೇವು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಬಾಡಿಗೆಗೆ ಇಲ್ಲಿ ಕಾರ್ ಶೆಡ್ಡೂ ಸಿಗದು. ಬಿಟ್ಟರೆ ಊರ ಹೊರಗೆ, ಇಲವಾಲದ ಆಚೆಗೇ ಹೋಗಬೇಕು, ಮಗಳು ಗಗನಳ ಸ್ಕೂಲು ಇರುವುದು ಇದೇ ಬೀದಿಯ ತುದಿಯಲ್ಲಿ. ಆ ಭಯಕ್ಕೆ, ಬೆಳಗಿನಿಂದ ತಲೆಗೆ ಹತ್ತದಿದ್ದದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಸಾರ್, ಅದು ಮನೆ ಅಲ್ಲ ಸಾರ್, ಬರೀ ಪಾಲು. ನನ್ ಪಾಲಿಗೆ ಮೆಟ್ಲಿನ ಒಂದು ಟೈಲ್ಸೂ ಬರಲ್ಲ. ಗೋಡೆ ಸೋರಿದ್ರೆ ನಾವು ಹೋಗಂಗಿಲ್ಲ, ಬಣ್ಣ ಹೊಡೆಸಂಗಿಲ್ಲ, ಬಾಡಿಗೆಯೋರ ಮುಖಾನೂ ನೋಡಂಗಿಲ್ಲ. ಬಾಡಿಗೆ ಅದರ ಪಾಡಿಗೆ ಅಕೌಂಟಿಗೆ ಬೀಳ್ತದೆ. ದುಡ್ ಬೇಕು ಅಂದ್ರೆ ಬೇಕಾದಷ್ಟೇ ಮಾರ್ಕೋಬೋದು."

ರಾಮಸ್ವಾಮಿ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು. ಮಧ್ಯೆ ಎರಡು ಪ್ರಶ್ನೆ ಹಾಕಿದರು. ಮಹದೇವು ಎರಡಕ್ಕೂ ಪಟಪಟನೆ ಉತ್ತರ ಕೊಟ್ಟ. ಮಾತು ಬಲ್ಲವನಿಗೆ ಜಗಳವಿಲ್ಲ. ಅವರ ಮುಖ ಮೆತ್ತಗಾಯಿತು.

"ಛೆ, ನಾನು ತಪ್ಪು ತಿಳ್ಕೊಂಡೆ. ಬಾಡಿಗೆ ಏರಿಸಲ್ಲ ಬಿಡಿ."

ಮಹದೇವುವಿಗೆ ಹೋದ ಜೀವ ಬಂದಂತಾಯಿತು. ಅನು ಓಡಿಹೋಗಿ ಕಾಫಿ ತಂದಳು. ರಾಮಸ್ವಾಮಿ ನಿಧಾನವಾಗಿ ಕುಡಿದು, ಸೋರುವ ತಾರಸಿಯನ್ನೊಮ್ಮೆ ನೋಡಿ ಲೋಟ ಕೆಳಗಿಟ್ಟರು.

"ಎರಡು ತಿಂಗಳಲ್ಲಿ ಖಾಲಿ ಮಾಡಿಕೊಟ್ಬಿಡಿ ಮಹದೇವು. ಈ ಮನೆ ಮಾರಿ, ಅಷ್ಟೂ ದುಡ್ಡು ಅದಕ್ಕೇ ಹಾಕ್ತೀನಿ. ಹೇಗೆ ಹಾಕೋದು ಅಂತ ನೀವೇ ಹೇಳ್ಕೊಡಬೇಕು."