ಕೆಂಪು ಟವೆಲ್ ಮತ್ತು ಅರ್ಧ ತಲೆ

ಎಡಗಿವಿಯ ಮೇಲಿಂದ ಹೊರಟ ಕ್ಷೌರದ ಮೆಷಿನ್ನು ನೆತ್ತಿಯ ಹತ್ತಿರ ಬಂದು ‘ಗುರ್ರ್’ ಎಂದು ಸುಮ್ಮನಾಯಿತು. ಫ್ಯಾನು ನಿಂತಿತು. ಅವನ ಷರ್ಟಿಗಾಗಿ ಕಾಯುತ್ತಿದ್ದ ಇಸ್ತ್ರಿಪೆಟ್ಟಿಗೆಯ ದೀಪ, ಸ್ನಾನಕ್ಕೆಂದು ಹಾಕಿದ್ದ ಗೀಸರಿನ ದೀಪ ಎರಡೂ ಆರಿದವು. ಹಳೇ ಲುಂಗಿ ಹೊದ್ದು ಸ್ಟೂಲಿನ ಮೇಲೆ ಕೂತಿದ್ದವನ ಜೀವವೂ ಒಂದು ಗಳಿಗೆ ನಿಂತಿತು.

“ಹೋಯ್ತು,” ಎಂದಳು ಹೆಂಡತಿ.

“ಎಷ್ಟು ಮುಗೀತು?”

“ಎಡಗಡೆ ಮುಗೀತು.”

“ಬಲಗಡೆ?”

“ಬಲಗಡೆ ಹಾಗೇ ಇದೆ. ಪೊದೆ.”

ಆಗ ಬೆಳಗಿನ ಒಂಬತ್ತು ಗಂಟೆ. ಹನ್ನೊಂದಕ್ಕೆ ಅವನು ಪರವಾನಗಿ ಕಚೇರಿಯಲ್ಲಿ ಕ್ಯಾಮೆರಾ ಎದುರು ಕೂರಬೇಕಿತ್ತು. ಆ ಪರದೇಶದಲ್ಲಿ ಇನ್ನೈದು ವರ್ಷ ಇರಲು ಕೊಡುವ ಕಾರ್ಡಿನ ಫೋಟೋ. ಇವತ್ತು ತಪ್ಪಿದರೆ ಮೂರು ತಿಂಗಳು ಸರದಿಯಿಲ್ಲ. ಹಳೇ ಕಾರ್ಡು ಈ ವಾರಕ್ಕೇ ಮುಗಿಯುತ್ತದೆ. ಆ ಹಳೇ ಕಾರ್ಡಿನಲ್ಲೋ, ಒಂದು ಕಣ್ಣು ಮುಚ್ಚಿ, ಬಾಯಿ ಬಾವಿಯಷ್ಟು ತೆರೆದು ಕೂತಿದ್ದ. ಅದನ್ನು ನೋಡಿ ಕೆಲಸದ ಜಾಗದಲ್ಲಿ ಎಲ್ಲರೂ ಅವನಿಗೆ ‘ಆಕಳಿಕೆ’ ಎಂದೇ ಹೆಸರಿಟ್ಟಿದ್ದರು. ಈ ಸಲವಾದರೂ ಮನುಷ್ಯನ ಹಾಗೆ ಕಾಣಬೇಕೆಂದು ಹಟ ತೊಟ್ಟಿದ್ದ. ಹಾಳಾದ ಕ್ಷೌರದಂಗಡಿಗೆ ಅವತ್ತೇ ವಾರದ ರಜೆ. ಹಾಗಾಗಿ ಮನೆಯಲ್ಲೇ ಈ ಏರ್ಪಾಡು.

ಅವನು ದೊಡ್ಡ ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್. ಮುನ್ನೂರು ಕೋಣೆಗಳ ದೀಪ ಅವನ ಕೈಯಲ್ಲಿ. ಆದರೆ ಮನೆಯಲ್ಲಿ ಆ ಖಾತೆ ಪೂರ್ತಿ ಹೆಂಡತಿಯದು. ಕರೆಂಟು, ನೀರು ಎರಡೂ ಕರೆಯದೆ ಬಂದು ಹೇಳದೆ ಹೋಗುವ ಆ ಊರಲ್ಲಿ ಅವಳಂತೆ ಸಂಸಾರ ತೂಗಿಸುವ ಹೆಂಗಸನ್ನು ನಾನಂತೂ ಬೇರೆ ಕಂಡಿಲ್ಲ. ಕರೆಂಟು ಹೋದ ಐದೇ ನಿಮಿಷಕ್ಕೆ ಟ್ಯಾಂಕಿನಲ್ಲಿ ಉಳಿದ ನೀರು ಬಕೆಟ್ಟಿಗೆ ಇಳಿದಿರುತ್ತದೆ. ಯಾರೂ ತೆರೆದು ತಂಪು ಕಳೆಯದಂತೆ ಫ್ರಿಜ್ಜಿನ ಬಾಗಿಲಿಗೆ ದಾರ ಬಿಗಿದಿರುತ್ತದೆ. ಬಾಲ್ಕನಿಯಲ್ಲಿ ಚಾಪೆ, ಚಾಪೆಯ ಮೇಲೆ ಹಾವು-ಏಣಿ ಪಟ. ನಿಜ ಹೇಳಬೇಕೆಂದರೆ ಗಂಡ, ಹೆಂಡತಿ, ಮಗಳು ಮೂವರೂ ಒಟ್ಟಿಗೆ ಕೂತು ನಗುತ್ತಿದ್ದುದೇ ಕರೆಂಟು ಇಲ್ಲದಾಗ.

ಇದಕ್ಕೆಲ್ಲ ಮೊದಲು ನಡೆಯುವ ಕೆಲಸ ಇನ್ನೊಂದಿತ್ತು. ಒಮ್ಮೆ ಹೋದ ಕರೆಂಟು ರಭಸದಿಂದ ವಾಪಸ್ಸು ಬಂದು ಮೂರು ಮನೆಯ ಟಿವಿ ಸುಟ್ಟಿತ್ತು. ಅಂದಿನಿಂದ ಅವಳ ಕಟ್ಟಳೆ: ತನ್ನ ಬಾಲ್ಕನಿಯಲ್ಲಿ ಕೆಂಪು ಟವೆಲ್ ಕಂಡರೆ ಎಲ್ಲರೂ ಮೇನ್ ಸ್ವಿಚ್ ಇಳಿಸಬೇಕು, ಟವೆಲ್ ತೆಗೆಯುವವರೆಗೆ ಮುಟ್ಟಕೂಡದು. ನಾಲ್ಕು ಅಂತಸ್ತಿನಲ್ಲಿ ಯಾರೂ ಅದನ್ನು ಮೀರುತ್ತಿರಲಿಲ್ಲ. ವಾಚ್‌ಮನ್ ಲಿಫ್ಟು, ನೀರಿನ ಪಂಪು ಎರಡನ್ನೂ ಬಂದ್ ಮಾಡುತ್ತಿದ್ದ.

“ಟವೆಲ್ ಹಾಕಿದೆ ಅಮ್ಮಾ,” ಮಗಳು ಕೂಗಿದಳು. “ಮೇನ್ ಆಗಲೇ ಕೆಳಗಿದೆ!”

“ನಿಮ್ಮಪ್ಪ ಇಳಿಸಿರ್ತಾರೆ ಬಿಡೇ.”

ಅಪ್ಪ ಏನೋ ಹೇಳಲು ಹೋದ. ಬಾಯಿಗೆ ಕೂದಲು ಬಂತು. ಥೂ ಎಂದು ಉಗಿದು, ತಲೆಗೆ ಲುಂಗಿ ಸುತ್ತಿ, ಕತ್ತರಿ ಹುಡುಕಿಕೊಂಡು ಮೆಟ್ಟಿಲಿಳಿದ.

ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವಾಕೆ ಇದ್ದಳು. ತಲೆಯ ಮೇಲಿನ ಲುಂಗಿ ಸರಿಸಿ ನೋಡಿದವಳು ಬಾಗಿಲ ಚೌಕಟ್ಟು ಹಿಡಿದು ನಕ್ಕಳು.

“ಅಯ್ಯೋ ಅಣ್ಣಾ, ಅರ್ಧಕ್ಕೇ ಬಿಟ್ಟಿದೀರಲ್ಲ! ಅಕ್ಕನ ಜೊತೆ ಜಗಳವಾ?”

“ಜಗಳ ಅಲ್ಲಮ್ಮಾ, ಕರೆಂಟು. ಬೇಗ ಕತ್ತರಿ ಹಾಕು.”

ಅವಳು ಮೊಳದುದ್ದದ ಕತ್ತರಿ ತಂದಳು. ಸೀಮೆಸುಣ್ಣದಲ್ಲಿ ಕಿವಿಯ ಹಿಂದೆ ಗೆರೆ ಎಳೆದಳು. ಕಚಕ್, ಕಚಕ್. ಕೊನೆಗೆ ಕನ್ನಡಿ ಹಿಡಿದಳು. ಬಲಗಡೆ ತಲೆ ದನ ಮೇಯ್ದು ಬಿಟ್ಟ ಹುಲ್ಲುಗಾವಲಿನಂತಿತ್ತು.

“ಇದೇನಮ್ಮಾ, ಇಲ್ಲಿ ಇಷ್ಟುದ್ದ?”

“ಅರ್ಧ ಇಂಚು ಒಳಗೆ ಬಿಟ್ಟಿದೀನಿ ಅಣ್ಣಾ. ಆಮೇಲೆ ಬೇಕಾದ್ರೆ ಬಿಚ್ಚಬಹುದು.”

ಎದುರು ಮನೆಯ ನಿವೃತ್ತ ಮೇಷ್ಟ್ರು ಗದ್ದಲ ಕೇಳಿ ರೇಜರ್ ಹಿಡಿದೇ ಬಂದರು. “ಏನಯ್ಯಾ ಇದು, ಲೆಕ್ಕ ತಪ್ಪಿದ ಭಾಗಾಕಾರದ ಹಾಗೆ! ಕೂತ್ಕೋ, ಪೂರ್ತಿ ಬೋಳಿಸಿಬಿಡ್ತೀನಿ.”

ಒಪ್ಪಿದ. ಮೇಷ್ಟ್ರು ತಲೆಯ ತುಂಬ ನೊರೆ ಬಳಿದು ನಲ್ಲಿ ತಿರುಗಿಸಿದರು. ನಲ್ಲಿ ಬರೀ ಉಸಿರು ಬಿಟ್ಟಿತು. ನೀರಿಲ್ಲದೆ ರೇಜರ್ ಎತ್ತಿದ ಅವರ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಅದನ್ನು ಕಂಡದ್ದೇ ತಡ, ನಮ್ಮವನು ನೊರೆ ಸಮೇತ ಓಡಿದ.

ಲಿಫ್ಟಿಲ್ಲ. ದಡದಡನೆ ಕೆಳಗಿಳಿದು ಗೇಟಿನ ಹತ್ತಿರ ಹೋಗಿ ನಿಂತ. ಹತ್ತೂವರೆ. ಎದುರು ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು.

“ಅಲ್ಲಿ ಕರೆಂಟಿದೆಯಲ್ಲೋ!” ಎಂದು ವಾಚ್‌ಮನ್ ಮೇಲೆ ಹರಿಹಾಯ್ದ.

“ಅವ್ರದು ಬೇರೆ ಲೈನ್ ಇರ್ಬೇಕು ಸಾರ್. ನಮ್ಮಲ್ಲಿ ಅಕ್ಕ ಟವೆಲ್ ಹಾಕಿದಾರಲ್ಲ.”

ಅವನ ಕಣ್ಣು ಗೇಟಿನ ಮೇಲಿನ ಬೀದಿದೀಪಕ್ಕೆ ಹೋಯಿತು. ಹಗಲೂ ಆರಿಸದ ದರಿದ್ರ ದೀಪ. ಇವರದೇ ಲೈನಿನದು. ಹಲ್ಲು ಕಿರಿದು ಉರಿಯುತ್ತಿತ್ತು.

ಆಗ ಅವನೊಳಗಿನ ಎಲೆಕ್ಟ್ರಿಷಿಯನ್ ಎದ್ದು ಕೂತ. ಇಸ್ತ್ರಿಪೆಟ್ಟಿಗೆ, ಗೀಸರು, ಮೆಷಿನ್ನು, ಫ್ಯಾನು ಎಲ್ಲಾ ಒಟ್ಟಿಗೆ! ಮೇನ್ ಯಾರೂ ಇಳಿಸಿರಲಿಲ್ಲ. ಭಾರ ತಾಳದೆ ಅದೇ ಬಿದ್ದಿತ್ತು. ಕರೆಂಟು ಹೋದದ್ದು ಅವನ ಮನೆಯದು ಮಾತ್ರ. ಉಳಿದವರೆಲ್ಲ ಟವೆಲ್ ನೋಡಿ ತಾವೇ ಆರಿಸಿಕೊಂಡು ಫ್ಯಾನಿಲ್ಲದೆ ಕೂತಿದ್ದರು!

ನಾಲ್ಕು ಮಹಡಿ ಏದುಸಿರಿನಲ್ಲಿ ಹತ್ತಿ ವಿಷಯ ಹೇಳಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

“ಮುನ್ನೂರು ರೂಮಿನ ಫ್ಯೂಸ್ ನೋಡೋರು, ಮನೇದು ನೋಡ್ಲಿಲ್ವಾ?”

“ನೀನು ಟವೆಲ್ ಹಾಕಿಸಿದೆಯಲ್ಲೇ!”

“ಹೊರಗೆ ಬಾಯಿ ಬಿಡ್ಬೇಡಿ. ನಿಮ್ಮ ಮರ್ಯಾದೆಗೇ ಹೇಳ್ತಿದೀನಿ. ಕೂತ್ಕೊಳ್ಳಿ ಬೇಗ.”

ಬಕೆಟ್ಟಿನಲ್ಲಿದ್ದ ನೀರಿನಿಂದ ನೊರೆ ತೊಳೆದು, ತಲೆ ಒರೆಸಿ, ಇಸ್ತ್ರಿಪೆಟ್ಟಿಗೆ, ಗೀಸರಿನ ಪ್ಲಗ್ಗು ಕಿತ್ತು ಮೇನ್ ಏರಿಸಿದಳು. ಮೆಷಿನ್ನು ಗುಂಯ್ ಎಂದಿತು. ಅವನಿಗೆ ಕಣ್ಣಲ್ಲಿ ನೀರೇ ಬಂತು. ಬಲ ಹಣೆಯಿಂದ ನೆತ್ತಿಗೆ ಒಂದು ಪಟ್ಟೆ, ಹೊಸ ರಸ್ತೆ ಹಾಕಿದ ಹಾಗೆ ನುಣ್ಣಗೆ ಮೂಡಿತು. ಅಷ್ಟರಲ್ಲಿ—

‘ಗುರ್ರ್.’

“ಇಸ್ತ್ರಿಪೆಟ್ಟಿಗೆ ಹಾಕಿದ್ಯೇನೇ?”

“ಇಲ್ಲ ರೀ. ಮೇನ್ ಮೇಲೇ ಇದೆ.”

ಕೆಳಗಿನಿಂದ ಮೇಷ್ಟ್ರ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು. “ನೋಡ್ರಪ್ಪಾ, ಬೀದಿದೀಪ ಈಗ ಆರಿತು! ಅಂಗಡಿ ಫ್ಯಾನೂ ನಿಂತಿತು! ಆ ತಾಯಿ ಒಂದೂವರೆ ಗಂಟೆ ಮುಂಚೆನೇ ಟವೆಲ್ ಹಾಕಿಸಿದಾಳೆ ಅಂದ್ರೆ ಎಂಥಾ ಬುದ್ಧಿ ಇರ್ಬೇಕು!”

ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು.

ಟೋಪಿ ಹಾಕಿಕೊಂಡೇ ಕಚೇರಿಗೆ ಓಡಿದ. ಅಲ್ಲಿ ಜನರೇಟರ್ ಇತ್ತು. “ಟೋಪಿ ತೆಗೀರಿ,” ಎಂದಳು ಕ್ಯಾಮೆರಾದ ಹುಡುಗಿ. ತೆಗೆದ. ಅವಳು ಎರಡು ಸಲ ಕಣ್ಣುಜ್ಜಿಕೊಂಡಳು. ಈ ಸಲ ಅವನ ಎರಡೂ ಕಣ್ಣು ತೆರೆದಿದ್ದವು, ಬಾಯಿ ಮುಚ್ಚಿತ್ತು. ಫೋಟೋ ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಪಟ್ಟೆಯ ಈಚೆಗೆಷ್ಟು ಆಚೆಗೆಷ್ಟು ಎಂದು ಕೂದಲು ಎಣಿಸಬಹುದಿತ್ತು.

ಸಂಜೆ ಕರೆಂಟು ಬಂದ ಮೇಲೆ ಟವೆಲ್ ಇಳಿಯಿತು. ಹೊಲಿಗೆಯಾಕೆ, ಮೇಷ್ಟ್ರು, ವಾಚ್‌ಮನ್ ಎಲ್ಲ ಹೆಂಡತಿಯನ್ನು ಹೊಗಳಲು ಬಂದು ಚಾಪೆಯ ಮೇಲೆ ಕೂತರು. ಅವನು ಟೋಪಿ ಹಾಕಿಕೊಂಡು ಮಗಳ ಜೊತೆ ಹಾವು-ಏಣಿ ಆಡುತ್ತಿದ್ದ. ತೊಂಬತ್ತೆಂಟರಲ್ಲಿ ಹಾವು ನುಂಗಿತ್ತು. ನಿಜ ಹೇಳಿಬಿಡೋಣವೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡ. ಹೇಳಿದರೆ ನಾಳೆ ಹೋಟೆಲಿನಲ್ಲಿ ಮತ್ತೊಂದು ಹೆಸರು.

“ಅಕ್ಕಾ, ಒಂದು ಮಾತು ಹೇಳಿಬಿಡಿ,” ಎಂದಳು ಹೊಲಿಗೆಯಾಕೆ, ಕೈ ಮುಗಿಯುವುದೊಂದು ಬಾಕಿ. “ಇನ್ನು ಯಾವಾಗ ಹೋಗುತ್ತೆ ಕರೆಂಟು?”

ಹೆಂಡತಿ ಮೆಷಿನ್ನನ್ನು ಕೈಗೆತ್ತಿಕೊಂಡು, ಗಂಡನ ಟೋಪಿ ಮೆಲ್ಲಗೆ ಎತ್ತಿ ನೋಡಿದಳು.

“ಇವರ ಬಲಗಡೆ ಶುರು ಮಾಡಿದ ತಕ್ಷಣ.”

ಎಲ್ಲರೂ ಮೇನ್ ಇಳಿಸಲು ಎದ್ದು ಓಡಿದರು.